ಜಾಕಿಯ ಮುಟ್ಟಾಳೆ

ಮೊನ್ನೆ ಪುತ್ತೂರಿನಲ್ಲಿ ನನ್ನ ಚಿಕ್ಕಪ್ಪನಿಗೆ ಶಾಲು ಹೊದೆಸಿದರು. ಶಾಲು ಮಾತ್ರವಲ್ಲ, ತಲೆಗೆ ಪೇಟ, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ. ಮೆಕ್ಯಾನಿಕರ ಸಂಘದವರು ಹಳಬರನ್ನು ಗೌರವಿಸುವ ಕಾರ್ಯಕ್ರಮ ಅದು. ಭಾನುವಾರ ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ನಾನೂ ಹೋಗಿದ್ದೆ. ಹೋಗದಿದ್ದರೆ ಬಳಗದಲ್ಲಿ ಮಾತು ಬರುತ್ತದೆ ಎಂದು ಅಮ್ಮನೇ ಹೊರಡಿಸಿದ್ದು. ಎರಡನೇ ಸಾಲಿನಲ್ಲಿ ಕೂತಿದ್ದೆವು. ನಿರೂಪಕ ಅಭಿನಂದನಾ ಪತ್ರ ಓದಿದ. ಬಾಲ್ಯ, ಶ್ರಮ, ಸಾಧನೆ ಎಲ್ಲ ಮುಗಿದ ಮೇಲೆ, ‘ಬೈಕನ್ನು ಜಾಕಿಯಲ್ಲಿ ಎತ್ತುವಾಗ ಚಾಸಿಗೆ ಗೀರು ಬೀಳದಂತೆ ಅಡಿಕೆ ಹಾಳೆಯ ಮುಟ್ಟಾಳೆಯನ್ನು ಹೊಲಿದು ಜಾಕಿಗೆ ತೊಡಿಸುವ ಅಪೂರ್ವ ಉಪಾಯ ಕಂಡುಹಿಡಿದ ಕೀರ್ತಿ ಶ್ರೀಯುತ ವಸಂತಣ್ಣನವರದ್ದು’ ಎಂದ. ಸಭೆ ಚಪ್ಪಾಳೆ ತಟ್ಟಿತು. ನನ್ನ ಮೈಯೆಲ್ಲ ಉರಿದುಹೋಯಿತು. ಪಕ್ಕಕ್ಕೆ ತಿರುಗಿ ನೋಡುತ್ತೇನೆ, ಅಮ್ಮನೂ ತಟ್ಟುತ್ತಿದ್ದಾಳೆ!

“ನೀವ್ಯಾಕೆ ತಟ್ಟುದು?” ಎಂದೆ.

“ಎಲ್ಲರೂ ತಟ್ಟುವಾಗ ಕೈ ಕಟ್ಟಿ ಕೂತ್ರೆ ಚಂದ ಉಂಟಾ? ತಟ್ಟು ಮಾರಾಯ್ತಿ.”

ನಾನು ತಟ್ಟಲಿಲ್ಲ. ನನ್ನ ಈ ಸಿಟ್ಟು ಹುಟ್ಟಿದ್ದು ಆ ಸಭೆಯಲ್ಲಿ ಅಲ್ಲ. ಅದು ಹುಟ್ಟಿದ್ದು ನಮ್ಮ ಹಳೆಯ ಮನೆಯಲ್ಲಿ, ನಾನು ಆರನೇ ಕ್ಲಾಸಿನಲ್ಲಿದ್ದಾಗ. ನನ್ನನ್ನು ಜಗಳಗಂಟಿ ಎನ್ನುವವರು ಮೊದಲು ಆ ಮನೆಯ ಕಥೆ ಕೇಳಬೇಕು.

ನಮ್ಮ ಮನೆ ಸುಳ್ಯದಿಂದ ಸಂಪಾಜೆಗೆ ಹೋಗುವ ಮಾರ್ಗದ ಬದಿಯಲ್ಲಿತ್ತು. ಮನೆಯೆಂದರೆ ಮುಂದಿನ ಅರ್ಧ ಅಪ್ಪನ ಗ್ಯಾರೇಜು, ಹಿಂದಿನ ಅರ್ಧ ನಾವು. ಘಟ್ಟ ಇಳಿದು ಬಂದ ಬೈಕುಗಳು ಬ್ರೇಕು ಸುಟ್ಟ ವಾಸನೆಯೊಂದಿಗೆ ನಮ್ಮ ಅಂಗಳದಲ್ಲೇ ನಿಲ್ಲುತ್ತಿದ್ದವು. ಗ್ಯಾರೇಜಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಆ ಕಡೆಗೆ ಚಾ ಗ್ಲಾಸು ಹೋಗುವುದು, ಈ ಕಡೆಗೆ ಗ್ರೀಸಿನ ಬೆರಳಚ್ಚು ಬಿದ್ದ ಖಾಲಿ ಗ್ಲಾಸು ಬರುವುದು. ನಮ್ಮ ಮನೆಯ ಉಪ್ಪಿನಕಾಯಿ ಭರಣಿಗೂ ಗ್ರೀಸಿನ ವಾಸನೆ ಇತ್ತೆಂದು ನೆಂಟರು ಹೇಳುತ್ತಿದ್ದರು; ನಮಗೆ ಅದು ಗೊತ್ತಾಗುತ್ತಿರಲಿಲ್ಲ. ಅಪ್ಪ ಅಮ್ಮನ ಜಗಳಗಳೂ ಆ ಕಿಂಡಿಯ ಮೂಲಕವೇ ನಡೆಯುತ್ತಿದ್ದವು. ಬೇರಿಂಗು ತೊಳೆಯುವ ಪೆಟ್ರೋಲನ್ನು ಅಪ್ಪ ಸೀಮೆಎಣ್ಣೆ ಕ್ಯಾನಿನ ಪಕ್ಕ ಇಟ್ಟದ್ದಕ್ಕೆ ಒಂದು ದಿನ, ಅಮ್ಮ ಕಾವಲಿ ಎತ್ತಲು ಅಪ್ಪನ ಇಕ್ಕಳ ತೆಗೆದದ್ದಕ್ಕೆ ಇನ್ನೊಂದು ದಿನ. ಅವು ಊಟಕ್ಕೆ ಕೂರುವಷ್ಟರಲ್ಲಿ ಮರೆತುಹೋಗುವ ಜಗಳಗಳು. ಮರೆಯದ ಜಗಳ ಒಂದೇ, ಮತ್ತು ಅದರಲ್ಲಿ ಅಮ್ಮ ಬಾಯಿಯೇ ಬಿಡಲಿಲ್ಲ.

ಗಾಡಿಯ ಎಂಜಿನ್ನು, ಟ್ಯಾಂಕು, ಸೀಟು ಎಲ್ಲವನ್ನೂ ಹೊತ್ತು ನಿಲ್ಲುವ ಕಬ್ಬಿಣದ ಪೈಪುಗಳ ಕಟ್ಟಿಗೆ ನಮ್ಮಲ್ಲಿ ಚಾಸಿ ಎನ್ನುತ್ತಾರೆ. ಮುಂದಿನ ಚಕ್ರ ಬಿಚ್ಚಬೇಕಾದರೆ ಎಂಜಿನ್ನಿನ ಅಡಿಗೆ, ಆ ಪೈಪುಗಳನ್ನು ಜೋಡಿಸುವ ಅಡ್ಡಪಟ್ಟಿಯ ಕೆಳಗೆ, ಜಾಕಿ ಇಟ್ಟು ಎತ್ತಬೇಕು. ಅಪ್ಪನ ಹತ್ತಿರ ಇದ್ದದ್ದು ಹಳೆಯ ಜೀಪಿನ ಜಾಕಿ. ಅದರ ತಲೆಯಲ್ಲಿ ಉಕ್ಕಿನ ಹಲ್ಲುಗಳಿದ್ದವು. ಜೀಪಿಗೇನೋ ಅದು ಸರಿ. ಬೈಕಿನ ಚಾಸಿಗೆ ಆ ಹಲ್ಲು ತಾಗಿದರೆ ಬಣ್ಣ ಎದ್ದು ಬರುತ್ತದೆ, ಎದ್ದಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಅಪ್ಪ ಗೋಣಿ ಮಡಚಿ ಇಟ್ಟು ನೋಡಿದ, ಹಲ್ಲು ಅದನ್ನೂ ಕಚ್ಚಿ ತೂತು ಮಾಡಿತು. ಹಲಗೆ ಇಟ್ಟ, ಅದು ವಾಲಿತು. ಕಿಂಡಿಯಿಂದ ಇದನ್ನೆಲ್ಲ ನೋಡುತ್ತಿದ್ದ ಅಮ್ಮ ಒಂದು ದಿನ ಕೈ ಒರೆಸಿಕೊಂಡು ಹೊರಗೆ ಬಂದಳು.

“ತಲೆಮೇಲೆ ಹೊರೆ ಹೊರುವವರು ಮುಟ್ಟಾಳೆ ಇಟ್ಕೊಳ್ಳುದಿಲ್ವ? ಜಾಕಿಯೂ ಹೊರೆ ಹೊರುದೇ ಅಲ್ವ?”

“ಅದು ತಲೆಗೆ ನೋವಾಗದ ಹಾಗೆ ಇಟ್ಕೊಳ್ಳುದು ಜಲಜ. ಇಲ್ಲಿ ನೋವಾಗುದು ಹೊರೆಗೆ.”

“ಯಾರಿಗೆ ನೋವಾದ್ರೂ ನಡುವೆ ಒಂದು ಮೆತ್ತಗಿದ್ದದ್ದು ಬೇಕಲ್ಲ?”

ಅಡಿಕೆ ಮರದ ಸೋಗೆಯ ಬುಡದಲ್ಲಿ ಬರುವ ಹಾಳೆಯನ್ನು ಟೊಪ್ಪಿಯ ಹಾಗೆ ಹೊಲಿದರೆ ಅದೇ ಮುಟ್ಟಾಳೆ. ತೋಟದ ಕೆಲಸಕ್ಕೆ ಹೋಗುವವರ ತಲೆಯಲ್ಲಿ ಈಗಲೂ ಕಾಣಬಹುದು. ಅಮ್ಮ ಪಕ್ಕದ ತೋಟದಿಂದ ಎರಡು ಹಾಳೆ ತಂದು ಬಚ್ಚಲ ಬಕೆಟಿನಲ್ಲಿ ನೆನೆಹಾಕಿದಳು. ಮೆತ್ತಗಾದ ಮೇಲೆ ಕತ್ತರಿಸಿ, ನಡುವೆ ಸೈಕಲ್ ಟ್ಯೂಬಿನ ತುಂಡು ಇಟ್ಟು, ಗೋಣಿ ಹೊಲಿಯುವ ದಬ್ಬಣದಿಂದ ಹೊಲಿದಳು. ಅಂಗೈಯಷ್ಟು ದೊಡ್ಡ ಟೊಪ್ಪಿ. ಜಾಕಿಯ ತಲೆಗೆ ಸರಿಯಾಗಿ ಕೂತಿತು. ಅದಕ್ಕೆ ಅವಳು ಎರಡು ಕಟ್ಟುಪಾಡು ಮಾಡಿದ್ದಳು. ಹಾಳೆಯ ನುಣ್ಣಗೆ ಹೊಳೆಯುವ ಒಳಬದಿ ಮೇಲೆ ಬರಬೇಕು, ಬಣ್ಣಕ್ಕೆ ತಾಗುವುದು ಅದು. ಗೆರೆ ಗೆರೆಯ ಒರಟು ಹೊರಬದಿ ಕೆಳಗೆ, ಜಾಕಿಯ ಹಲ್ಲು ಕಚ್ಚಿ ಹಿಡಿಯುವುದು ಅಲ್ಲಿ. ಎರಡನೆಯದು, ಪ್ರತಿ ಸಲವೂ ನೀರಿನಲ್ಲಿ ಅದ್ದಿಯೇ ಇಡಬೇಕು. ಒಣಗಿದ ಹಾಳೆ ಬಿರಿಯುತ್ತದೆ, ಜಾರುತ್ತದೆ. ಗಾಡಿ ಎತ್ತಿದ ಮೇಲೆ ಅಮ್ಮ ಸೀಟಿಗೆ ಕೈಯಿಟ್ಟು ಎರಡು ಸಲ ಅಲ್ಲಾಡಿಸಿ ನೋಡುತ್ತಿದ್ದಳು. ಅವಳು “ಹ್ಞೂಂ” ಎಂದ ಮೇಲೆಯೇ ಅಪ್ಪ ಸ್ಪಾನರ್ ಹಿಡಿಯುವುದು. ಕೆಲಸ ಮುಗಿದ ಮೇಲೆ ಮುಟ್ಟಾಳೆಯನ್ನು ತೊಳೆದು ಕಿಂಡಿಯ ಪಕ್ಕದ ಮೊಳೆಗೆ ನೇತುಹಾಕಬೇಕು. ಆಯುಧಪೂಜೆಯ ದಿನ ಸ್ಪಾನರ್, ಪಂಪು, ಜಾಕಿಗಳ ಸಾಲಿನಲ್ಲಿ ಅದಕ್ಕೂ ಗಂಧ, ಕುಂಕುಮ, ಒಂದು ಸೇವಂತಿಗೆ. ನಮ್ಮ ಗ್ಯಾರೇಜಿನಲ್ಲಿ ಎತ್ತಿದ ಗಾಡಿಗೆ ಗೀರು ಬೀಳುವುದಿಲ್ಲ ಎನ್ನುವುದು ಮಡಿಕೇರಿಯವರೆಗೂ ಗೊತ್ತಿತ್ತು. ಜಲಜಕ್ಕ ಇದ್ದಾರಾ ಎಂದು ಕೇಳಿ ಗಾಡಿ ನಿಲ್ಲಿಸುವವರಿದ್ದರು. ನನಗೆ ಅದು ಎಷ್ಟು ಹೆಮ್ಮೆಯ ವಿಷಯವಾಗಿತ್ತೆಂದರೆ, ಶಾಲೆಯಲ್ಲಿ ತಾಯಿಯ ಉದ್ಯೋಗ ಏನು ಎಂದು ಕೇಳಿದಾಗ ನಾನು ಎದ್ದು ನಿಂತು ಮೆಕ್ಯಾನಿಕ್ ಎಂದಿದ್ದೆ.

ಅಷ್ಟರಲ್ಲಿ ವಸಂತ ಚಿಕ್ಕಪ್ಪ ಬಂದ. ಅಪ್ಪನ ತಮ್ಮ. ಮಂಗಳೂರಿನ ಒಂದು ಶೋರೂಮಿನಲ್ಲಿ ಎರಡು ವರ್ಷ ಕೆಲಸ ಮಾಡಿ, ಎದೆಯ ಮೇಲೆ ಜೇಬಿದ್ದ ನೀಲಿ ಅಂಗಿ ಹಾಕಿಕೊಂಡು ಬಂದಿದ್ದ. ಬಂದ ದಿನದಿಂದ ನಮ್ಮ ಮನೆಯ ಊಟದ ಕ್ರಮವೇ ಬದಲಾಯಿತು. ಬಂಗುಡೆ ಮೀನಿನ ನಡು ತುಂಡು ಮೊದಲು ಅವನ ಬಟ್ಟಲಿಗೆ, ಆಮೇಲೆ ಅಪ್ಪನಿಗೆ, ಬಾಲ ನನಗೆ, ಸಾರು ಅಮ್ಮನಿಗೆ. ಉಣ್ಣುವಾಗಲೂ ಅವನದ್ದು ಶೋರೂಮಿನ ಪುರಾಣ. ಅಲ್ಲಿ ಹಾಗೆ ಮಾಡುವುದಿಲ್ಲ, ಇಲ್ಲಿಯದ್ದೆಲ್ಲ ಹಳ್ಳಿ ಪದ್ಧತಿ. ಮೊಳೆಯಲ್ಲಿ ನೇತಾಡುತ್ತಿದ್ದ ಮುಟ್ಟಾಳೆ ಕಂಡರಂತೂ ಅವನಿಗೆ ತಮಾಷೆಯೋ ತಮಾಷೆ.

“ಅತ್ತಿಗೇ, ಕಂಪೆನಿಯವರಿಗೆ ಗೊತ್ತಾದ್ರೆ ನಗ್ತಾರೆ. ಮುಟ್ಟಾಳೆ ಜಾಕಿಗೆ ಹಾಕುದಲ್ಲ, ಮುಠ್ಠಾಳರು ಹಾಕ್ಕೊಳ್ಳುದು!”

ಅವನ ಮಾತಿಗೆ ಅಪ್ಪನೂ ನಕ್ಕ. ಅಮ್ಮ ಕಿಂಡಿಯಿಂದ ಚಾ ಕೊಟ್ಟು ಒಳಗೆ ಹೋದಳು. ಅಪ್ಪನ ಆ ನಗು ನನಗೆ ಸ್ವಲ್ಪವೂ ಸರಿಬರಲಿಲ್ಲ. ತಮ್ಮ ನಗಿಸಿದ ಎಂದು ನಕ್ಕದ್ದು ಇರಬಹುದು, ಆದರೆ ಯಾರ ಮೇಲೆ ನಗುತ್ತಿದ್ದೇನೆ ಎಂದು ಒಂದು ಗಳಿಗೆ ಯೋಚಿಸಬೇಕಿತ್ತು.

ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಂದಿದ್ದೆ. ಅಪ್ಪ ಬಿಡಿಭಾಗ ತರಲು ಸುಳ್ಯಕ್ಕೆ ಹೋಗಿದ್ದ. ಅಮ್ಮ ಹಿತ್ತಿಲ ಬದಿಯಲ್ಲಿ ಕಡೆಯುವ ಕಲ್ಲಿನ ಮುಂದೆ ಕೂತಿದ್ದಳು. ಗ್ಯಾರೇಜಿನಲ್ಲಿ ಸೋಮಪ್ಪ ಮಾಸ್ಟ್ರ ಹೊಸ ಬೈಕು ನಿಂತಿತ್ತು. ಮಾಸ್ಟ್ರು ನಮ್ಮ ಊರಿನ ಶಾಲೆಯವರು, ಆ ಬೈಕಿನ ಸೀಟಿನ ಪ್ಲಾಸ್ಟಿಕ್ಕನ್ನೂ ಇನ್ನೂ ತೆಗೆದಿರಲಿಲ್ಲ. ಚಿಕ್ಕಪ್ಪ ಒಬ್ಬನೇ ಜಾಕಿ ತಂದು ಅಡಿಗೆ ತಳ್ಳಿದ. ನಾನು ಬಾಗಿಲಲ್ಲಿ ಚೀಲ ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದೆ. ಮುಟ್ಟಾಳೆ ಮೊಳೆಯಲ್ಲಿತ್ತು. ಒಣಗಿ ಅಂಚು ಸುರುಟಿಕೊಂಡಿತ್ತು.

“ಚಿಕ್ಕಪ್ಪ, ಮುಟ್ಟಾಳೆ?” ಎಂದೆ.

“ನೀನು ಒಳಗೆ ಹೋಗಿ ಗಂಜಿ ಕುಡಿ.”

ಜಾಕಿಯ ಹಲ್ಲು ನೇರ ಕಬ್ಬಿಣಕ್ಕೆ ತಾಗಿದ ಸದ್ದು ನನಗೆ ಕೇಳಿಸಿತು. ನಾಲ್ಕು ಸಲ ಹಿಡಿ ಒತ್ತಿದ, ಚಕ್ರ ನೆಲ ಬಿಟ್ಟಿತು. ಐದನೆಯದಕ್ಕೆ ಕಬ್ಬಿಣದ ಮೇಲೆ ಕಬ್ಬಿಣ ಜಾರಿತು. ಗಾಡಿ ಒಂದು ಬದಿಗೆ ವಾಲಿ ಗೋಡೆಗೆ ಆತು ನಿಂತಿತು. ಜಾಕಿಯ ತಲೆ ಪೈಪಿನ ಉದ್ದಕ್ಕೂ ಕೆರೆದು ಒಂದು ಗೇಣು ಬಣ್ಣ ಕಿತ್ತು ಹಾಕಿತ್ತು. ಕೊನೆಯಲ್ಲಿ ಪೈಪು ಒಳಗೆ ತಗ್ಗಿತ್ತು. ಸದ್ದು ಕೇಳಿ ಅಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದಳು. ಅದೇ ಹೊತ್ತಿಗೆ ಅಪ್ಪ, ದಾರಿಯಲ್ಲಿ ಸಿಕ್ಕಿದ ಮಾಸ್ಟ್ರ ಜೊತೆ, ಅಂಗಳಕ್ಕೆ ಕಾಲಿಟ್ಟ.

ಮಾಸ್ಟ್ರು ಗಾಡಿಯ ಪಕ್ಕ ಮೊಣಕಾಲೂರಿ ಕೂತುಬಿಟ್ಟರು. ಅಪ್ಪ ಮೊದಲು ಪೈಪು ನೋಡಿದ, ಆಮೇಲೆ ತಲೆಯೆತ್ತಿ ಮೊಳೆ ನೋಡಿದ. ನೋಡಿದ್ದನ್ನು ನಾನು ಈ ಎರಡು ಕಣ್ಣುಗಳಿಂದ ಕಂಡಿದ್ದೇನೆ. ಚಿಕ್ಕಪ್ಪನೂ ಅದನ್ನು ಕಂಡ. ಎರಡು ಹೆಜ್ಜೆ ಹಿಂದೆ ಸರಿದು ಮೊಳೆಗೆ ಬೆನ್ನು ಕೊಟ್ಟು ನಿಂತ.

“ಅತ್ತಿಗೆ ಹಾಳೆ ಇಟ್ಟಿದ್ರು ಮಾಸ್ಟ್ರೆ. ಅದು ಜಾರಿತು. ನಾನು ಮೊದಲೇ ಹೇಳಿದ್ದೆ, ಬೇಡಾಂತ.”

ಅಮ್ಮ ಅಪ್ಪನ ಮುಖ ನೋಡಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಹಾಳೆ ಮೊಳೆಯಲ್ಲಿದೆ ಎನ್ನಲು ಎಷ್ಟು ಉಸಿರು ಬೇಕು? ಅಪ್ಪ ಗಂಟಲು ಸರಿಮಾಡಿಕೊಂಡ.

“ಆಯ್ತು. ಇನ್ನು ಮೇಲೆ ಹೆಂಗಸರು ಗ್ಯಾರೇಜಿಗೆ ಕೈ ಹಾಕುದು ಬೇಡ. ಮಾಸ್ಟ್ರೆ, ನಾನು ಸರಿ ಮಾಡಿಕೊಡ್ತೇನೆ.”

“ಅಪ್ಪಾ, ಹಾಳೆ ಅಲ್ಲೇ ಉಂಟಲ್ಲ! ಚಿಕ್ಕಪ್ಪನ ಹಿಂದೆ ಉಂಟು!” ಎಂದು ನಾನು ಕೂಗಿದೆ.

“ಬಾಯಿ ಮುಚ್ಚು. ದೊಡ್ಡವರು ಮಾತಾಡುವಾಗ ನಿನಗೆಂತ?”

ಮಾಸ್ಟ್ರು ತಲೆಯೆತ್ತಲೂ ಇಲ್ಲ. ಅವರಿಗೆ ಪೈಪಿನದ್ದೇ ಸಂಕಟ. ಅಮ್ಮ ಒಳಗೆ ಹೋಗಿ ಕೈ ತೊಳೆದಳು. ಅವತ್ತು ಮಧ್ಯಾಹ್ನ ಊಟಕ್ಕೆ ಬಂಗುಡೆಯ ನಡು ತುಂಡನ್ನು ಎಂದಿನಂತೆ ಚಿಕ್ಕಪ್ಪನ ಬಟ್ಟಲಿಗೇ ಬಡಿಸಿದಳು. ಅವನು ತಿಂದ, ಮುಳ್ಳು ಬಿಡಿಸಿ, ನಿಧಾನವಾಗಿ ತಿಂದ. ಅದನ್ನು ನೋಡಲಾರದೆ ನಾನು ಬಟ್ಟಲು ತಳ್ಳಿ ಎದ್ದೆ. ಯಾಕೆ ಬಡಿಸಿದಿರಿ ಎಂದು ಅಮ್ಮನ ಮೇಲೂ ಸಿಟ್ಟು ಬಂದಿತ್ತು. ಸಂಜೆ ಅಮ್ಮ ಬಟ್ಟೆ ಮಡಚುವಾಗ ಅಪ್ಪ ಬಾಗಿಲಿಗೆ ಬಂದು ನಿಂತ.

“ವಸಂತನಿಗೆ ಹೆಣ್ಣು ನೋಡ್ತಾ ಇದ್ದೇವೆ. ಕೆಲಸ ಬರುದಿಲ್ಲಾಂತ ಮಾಸ್ಟ್ರ ಬಾಯಲ್ಲಿ ಬಂದ್ರೆ ಆಯ್ತು ಅವನ ಕಥೆ. ನಿನಗೆಂತ ಹೋಗುದುಂಟು ಇದರಲ್ಲಿ?”

ನಿನಗೆಂತ ಹೋಗುದುಂಟು! ಈ ಮಾತು ನೆನಪಾದಾಗಲೆಲ್ಲ ನನಗೆ ಈಗಲೂ ಹಲ್ಲು ಕಚ್ಚುವಷ್ಟು ಕೋಪ ಬರುತ್ತದೆ. ಏನು ಹೋಯಿತು ಎನ್ನುವುದು ಒಂದೇ ವಾರದಲ್ಲಿ ಗೊತ್ತಾಯಿತು. ಮಾಸ್ಟ್ರು ಕೆಟ್ಟವರಲ್ಲ, ಆದರೆ ಹೊಟ್ಟೆ ಉರಿದಿತ್ತು, ಕಂಡಕಂಡವರಿಗೆ ಹೇಳಿದರು. ಚಾ ಅಂಗಡಿಯಲ್ಲಿ ಯಾರದ್ದಾದರೂ ಕೈಯಿಂದ ಗ್ಲಾಸು ಜಾರಿದರೆ ‘ಜಲಜಕ್ಕನ ಹಾಳೆ’ ಎಂದರು. ಬಸ್ಸಿನ ಮೆಟ್ಟಿಲಲ್ಲಿ ಕಾಲು ಜಾರಿದರೆ ಕಂಡಕ್ಟರ್ ‘ಜಲಜಕ್ಕನ ಹಾಳೆ’ ಎಂದ. ಶಾಲೆಯಲ್ಲಿ ನನ್ನ ಕೈಯಿಂದ ಕಂಪಾಸು ಪೆಟ್ಟಿಗೆ ಬಿದ್ದ ದಿನ ಇಡೀ ಕ್ಲಾಸು ನಕ್ಕಿತು, ನಾನು ನಕ್ಕವರಲ್ಲಿ ಒಬ್ಬಳ ಜಡೆ ಹಿಡಿದೆಳೆದು ಹೆಡ್ಮಾಸ್ಟ್ರ ಕೋಣೆಯ ಹೊರಗೆ ನಿಂತೆ. ಅಮ್ಮನ ಹೆಸರು ಒಂದು ತಮಾಷೆಯಾಗಿಹೋಯಿತು. ಜಲಜಕ್ಕ ಇದ್ದಾರಾ ಎಂದು ಕೇಳಿ ಗಾಡಿ ನಿಲ್ಲಿಸುತ್ತಿದ್ದವರೇ ಕಿಂಡಿಯ ಕಡೆ ನೋಡಿ ಕಿಸಕ್ಕೆಂದರು. ಅವಳು ಕಿಂಡಿಗೆ ಒಂದು ಪರದೆ ಕಟ್ಟಿದಳು. ಮುಟ್ಟಾಳೆಯನ್ನು ಮೊಳೆಯಿಂದ ತೆಗೆದು ಬಚ್ಚಲ ಒಲೆಗೆ ಹಾಕಿದಳು. ಆ ವರ್ಷದ ಆಯುಧಪೂಜೆಯಲ್ಲಿ ಜಾಕಿ ಬರಿದಲೆಯಲ್ಲಿ ಕುಂಕುಮ ಹಚ್ಚಿಸಿಕೊಂಡಿತು.

ಚಿಕ್ಕಪ್ಪನಿಗೆ ಮದುವೆಯಾಯಿತು, ಪುತ್ತೂರಿಗೆ ಹೋಗಿ ಸ್ವಂತ ಗ್ಯಾರೇಜು ಇಟ್ಟ. ಅಪ್ಪ ಮತ್ತೆ ಗೋಣಿ ಮಡಚತೊಡಗಿದ. ಗಾಡಿಗಳಿಗೆ ಮತ್ತೆ ಗೀರು ಬಿತ್ತು. ಒಂದು ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ಒಂದು ಹೊಸ ಹಾಳೆ ಇತ್ತು, ತೊಳೆದು ಒರೆಸಿದ್ದು. ಅಪ್ಪನೇ ತಂದಿಟ್ಟದ್ದು. ಅಪ್ಪನ ಲೆಕ್ಕದಲ್ಲಿ ಅದು ತಪ್ಪೊಪ್ಪಿಗೆ. ಹಾಳೆ ತಂದಿಟ್ಟರೆ ಮುಗಿಯಿತಂತೆ! ನಾಲಿಗೆ ಯಾಕೆ ಇರುವುದು ಹಾಗಾದರೆ? ಅಮ್ಮ ಅದನ್ನು ಎತ್ತಿ ತಿರುಗಿಸಿ ನೋಡಿ, ಬಕೆಟಿನಲ್ಲಿ ನೆನೆಹಾಕಿದಳು. ಅಪ್ಪನ ಮುಖ ಅರಳಿತು. ಮಧ್ಯಾಹ್ನದ ಹೊತ್ತಿಗೆ ಅವಳು ಅದರಿಂದ ಒಂದು ಬೀಸಣಿಗೆ ಕತ್ತರಿಸಿ, ಅದರಲ್ಲೇ ಗಾಳಿ ಬೀಸಿ ಒಲೆ ಉರಿಸಿ ಅಪ್ಪನಿಗೆ ಚಾ ಮಾಡಿಕೊಟ್ಟಳು. ಆ ಬೀಸಣಿಗೆ ಕಂಡು ನನಗೆ ಅದೆಷ್ಟು ಖುಷಿಯಾಯಿತೆಂದರೆ, ಅವತ್ತು ಎಂದೂ ಸೇರದ, ರಾಗಿ ಬೆರೆಸಿದ ಗಂಜಿಯನ್ನೂ ಎರಡು ಬಟ್ಟಲು ಕುಡಿದೆ. ಅಪ್ಪ ಆ ಒಂದು ಮಾತನ್ನು ಕೊನೆಗೂ ಹೇಳದೆ ತೀರಿಕೊಂಡ. ಅವನನ್ನು ನಾನು ಪ್ರೀತಿಸಿದ್ದೇನೆ, ಈಗಲೂ ಪ್ರೀತಿಸುತ್ತೇನೆ, ಕ್ಷಮಿಸಿಲ್ಲ. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕಚೇರಿಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಯಾರ ಮೇಲೆ ಸುಳ್ಳು ಹೊರಿಸಿದರೂ ನಾನು ಬಾಯಿ ಹಾಕುತ್ತೇನೆ. ಜನ ನನ್ನನ್ನು ಏನು ಬೇಕಾದರೂ ಕರೆಯಲಿ.

ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೆ ನಾನು, ಆ ಸಭೆಯಲ್ಲಿ. ಪುತ್ತೂರಿಗೆ ಹೋದ ಮೇಲೆ ಚಿಕ್ಕಪ್ಪ ಅಮ್ಮನ ಮುಟ್ಟಾಳೆಯಂಥದ್ದನ್ನೇ ಹೊಲಿಸಿ ಬಳಸಿದ ಎನ್ನುವುದು ನನಗೆ ಗೊತ್ತಿತ್ತು. ಅದು ತನ್ನದೆಂದು ಹೇಳಿಸಿಕೊಳ್ಳುವಷ್ಟು ಮುಂದೆ ಹೋಗಿದ್ದಾನೆ ಎನ್ನುವುದು ಮಾತ್ರ ಅವತ್ತೇ ಗೊತ್ತಾದದ್ದು. ಸನ್ಮಾನ ಮುಗಿದ ಮೇಲೆ ನಿರೂಪಕ, ವಸಂತಣ್ಣ ಈಗ ಆ ಉಪಾಯವನ್ನು ಇಲ್ಲಿಯೇ ಮಾಡಿ ತೋರಿಸಬೇಕು ಎಂದ. ವೇದಿಕೆಯ ಮೇಲೆ ಒಂದು ಬೈಕು, ಒಂದು ಹಳೆಯ ಜಾಕಿ, ಹೊಸದಾಗಿ ಹೊಲಿದ ಮುಟ್ಟಾಳೆ ತಯಾರಿದ್ದವು. ಚಿಕ್ಕಪ್ಪನ ಗ್ಯಾರೇಜಿಗೆ ಗಾಡಿ ಎತ್ತುವ ದೊಡ್ಡ ಯಂತ್ರ ಬಂದು ಎಷ್ಟೋ ವರ್ಷವಾಯಿತು, ಮುಟ್ಟಾಳೆ ಮುಟ್ಟದೆ ಅಷ್ಟೇ ಕಾಲವಾಗಿತ್ತು. ಅವನು ಅದನ್ನು ಫೋಟೋದವರಿಗೆ ಎತ್ತಿ ತೋರಿಸಿ, ಜಾಕಿಯ ಮೇಲಿಟ್ಟು, ಬೈಕಿನ ಅಡಿಗೆ ತಳ್ಳಿ, ಹಿಡಿಗೆ ಕೈ ಹಾಕಿದ.

“ವಸಂತಾ.”

ಅಮ್ಮ ಎದ್ದು ನಿಂತಿದ್ದಳು.

“ಮಗುಚಿ ಇಟ್ಟಿದ್ದಿ. ಹೊಳೆಯುವ ಬದಿ ಮೇಲೆ ಬರ್ಬೇಕು. ಒದ್ದೆಯೂ ಮಾಡ್ಲಿಲ್ಲ. ಹಾಗೆ ಇಟ್ರೆ ಜಾರ್ತದೆ.”

ಸಭೆ ನಕ್ಕಿತು. ಅಜ್ಜಿಗೆ ಏನೋ ಹೇಳಲಿಕ್ಕಿದೆ ಎಂದು ನಿರೂಪಕ ಉತ್ಸಾಹದಿಂದ ಕೈಹಿಡಿದು ವೇದಿಕೆಗೆ ಹತ್ತಿಸಿಕೊಂಡ. ಅಮ್ಮ ಬಗ್ಗಿ ಮುಟ್ಟಾಳೆ ತೆಗೆದಳು. ಅತಿಥಿಗಳ ಮೇಜಿನ ಮೇಲಿದ್ದ ನೀರಿನ ಬಾಟಲಿ ಕೇಳಿ, ಹಾಳೆಯ ಎರಡೂ ಬದಿಗೆ ನೀರು ಸುರಿದಳು. ಅಂಗೈಯಲ್ಲಿ ಒತ್ತಿ, ಮಗುಚಿ, ಜಾಕಿಯ ತಲೆಗೆ ತೊಡಿಸಿದಳು.

“ಈಗ ಎತ್ತು.”

ಚಿಕ್ಕಪ್ಪ ಎತ್ತಿದ. ಚಕ್ರ ನೆಲ ಬಿಟ್ಟಿತು. ಅಮ್ಮ ಸೀಟಿಗೆ ಕೈಯಿಟ್ಟು ಎರಡು ಸಲ ಅಲ್ಲಾಡಿಸಿದಳು. ಗಾಡಿ ಕದಲಲಿಲ್ಲ. ಆಮೇಲೆ ಅವಳು ಚಿಕ್ಕಪ್ಪನಿಗೆ ಮಾತ್ರ ಕೇಳುವ ಹಾಗೆ, ಮನೆಯಲ್ಲಿ ಮಾತಾಡುವ ಸಣ್ಣ ದನಿಯಲ್ಲಿ, ಒಂದು ಪ್ರಶ್ನೆ ಕೇಳಿದಳು. ನಿರೂಪಕ ಇಬ್ಬರ ನಡುವೆ ಮೈಕು ಹಿಡಿದು ನಿಂತಿದ್ದದ್ದನ್ನು ಅವಳು ಕಂಡಿದ್ದಳೋ ಇಲ್ಲವೋ ನಾನು ಇವತ್ತಿನವರೆಗೂ ಕೇಳಿಲ್ಲ.

“ಅವತ್ತು ಮಾಸ್ಟ್ರ ಗಾಡಿಗೆ ನಾನು ಹಾಳೆ ಇಟ್ಟಿದ್ನಾ ವಸಂತ?”

ಸಭೆಯ ಕೊನೆಯ ಸಾಲಿನವರೆಗೂ ಕೇಳಿತು. ಪೇಟದ ಕೆಳಗೆ ಚಿಕ್ಕಪ್ಪನ ಹಣೆ ಬೆವರಿತ್ತು. ಅವನು ನೆಲ ನೋಡಿದ, ಜಾಕಿ ನೋಡಿದ. ನೋಡಲು ಅಲ್ಲಿ ಮೊಳೆ ಇರಲಿಲ್ಲ, ಬೆನ್ನು ಕೊಟ್ಟು ನಿಲ್ಲಲು ಗೋಡೆಯೂ ಇರಲಿಲ್ಲ.

“ಇಲ್ಲ ಅತ್ತಿಗೆ,” ಎಂದ. “ಇಟ್ಟಿರ್ಲಿಲ್ಲ. ಅದು ಮೊಳೆಯಲ್ಲೇ ಇತ್ತು.”

ಸಭೆಗೆ ಏನೂ ಅರ್ಥವಾಗಲಿಲ್ಲ. ಯಾರೂ ನಗಲಿಲ್ಲ, ಯಾರೂ ತಟ್ಟಲಿಲ್ಲ. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಮೆಟ್ಟಿಲಿಳಿದು ಬಂದು ನನ್ನ ಪಕ್ಕ ಕೂತಳು, ಕಾಲ ಹತ್ತಿರವಿದ್ದ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

“ಈಗ ಬೇಕಾದ್ರೆ ತಟ್ಟು,” ಎಂದಳು.